ಒಣಗಲು ಬಿಟ್ಟ ಮರ

ಮಾರ್ಚ್ 3

ಪ್ರೀತಿಯ ಲೆಕ್ಕಪ್ಪನಿಗೆ,

ಕ್ಷೇಮ, ಆಶೀರ್ವಾದ ಎಲ್ಲ ಕೊನೆಗೆ. ಮೊದಲು ಕೆಲಸದ ಮಾತು.

ಫೋನ್ ಮಾಡಬಹುದಿತ್ತಲ್ಲ ಅತ್ತಿಗೆ ಎನ್ನಬೇಡ. ಫೋನಿನಲ್ಲಿ ನೀನು ಎಲ್ಲದಕ್ಕೂ ಹ್ಞೂಂ ಎನ್ನುತ್ತೀ. ನಿಮ್ಮಣ್ಣನೂ ಹಾಗೇ ಇದ್ದರು. ಆ ಹ್ಞೂಂ ಒಪ್ಪಿಗೆಯದೋ ನಿದ್ದೆಯದೋ ಎಂದು ಕಂಡುಹಿಡಿಯುವುದರಲ್ಲೇ ನನ್ನ ಅರ್ಧ ಸಂಸಾರ ಕಳೆಯಿತು. ಕಾಗದದ ಮೇಲಾದರೆ ಬರೀ ಹ್ಞೂಂ ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾದೀತು.

ವಿಷಯ ಇದು. ನಮ್ಮ ಏಣಿ ಕಾರ್ಖಾನೆಯನ್ನು ಕೊಳ್ಳಲು ಒಬ್ಬರು ಬಂದಿದ್ದಾರೆ. ಅಲ್ಯೂಮಿನಿಯಂ ಏಣಿ ಮಾಡುವ ದೊಡ್ಡ ಕಂಪನಿ. ಅವರ ಏಣಿ ಹಗುರ, ಥಳಥಳ ಹೊಳೆಯುತ್ತದೆ, ಎಲ್ಲ ಸರಿ. ಆದರೆ ಕರೆಂಟಿನ ಕೆಲಸದವರು ಲೋಹದ ಏಣಿಯನ್ನು ಹತ್ತಿರ ಸೇರಿಸುವುದಿಲ್ಲವಲ್ಲ. ಅವರಿಗೆ ಮರದ್ದೇ ಆಗಬೇಕು. ಅದಕ್ಕೇ ನಮ್ಮ ಹೆಸರು, ನಮ್ಮ ಅಂಗಳ, ನಮ್ಮ ಮೇಸ್ತ್ರಿ ಎಲ್ಲ ಒಟ್ಟಿಗೆ ಬೇಕಂತೆ. ಮೇಸ್ತ್ರಿಗೆ ಹೇಳಿದೆ. "ನನ್ನನ್ನ ಎಷ್ಟಕ್ಕೆ ಕೇಳಿದ್ರು?" ಅಂದ. "ನಿನ್ನನ್ನ ಪುಕ್ಕಟೆ ಕೊಡ್ತೀನಿ ಅಂದೆ" ಅಂದೆ. ಎರಡು ದಿನ ಮಾತಾಡಿಲ್ಲ.

ಅರ್ಧ ನಿನ್ನ ಪಾಲು, ಇನ್ನರ್ಧ ನಿಮ್ಮಣ್ಣನಿಂದ ನನಗೆ ಬಂದದ್ದು. ಆದ್ದರಿಂದ ನಾನೊಬ್ಬಳೇ ಹೂಂ ಉಹೂಂ ಎನ್ನಲಾಗದು. ಮೇ ಹದಿನೈದರೊಳಗೆ ಉತ್ತರ ಕೊಡಬೇಕು. ಅವರು ಬೆಲೆ ಕಟ್ಟಿದ ವರದಿಯನ್ನೂ ನಮ್ಮ ನಾಲ್ಕು ವರ್ಷದ ಲೆಕ್ಕಪತ್ರವನ್ನೂ ಇದರ ಜೊತೆ ಇಟ್ಟಿದ್ದೇನೆ. ಊರಲ್ಲಿರುವ ಕಂಪನಿಗಳಿಗೆಲ್ಲ ಬೆಲೆ ಕಟ್ಟುವುದೇ ನಿನ್ನ ಉದ್ಯೋಗ. ನಮ್ಮದಕ್ಕೂ ಒಮ್ಮೆ ಕಟ್ಟು.

ಆ ವರದಿಯಲ್ಲಿ ಒಂದು ಸಾಲು ನನ್ನ ತಲೆ ತಿನ್ನುತ್ತಿದೆ. 'ಟರ್ಮಿನಲ್ ವ್ಯಾಲ್ಯೂ' ಅಂತೆ. ಕೊಡುವ ಬೆಲೆ ನೂರಾದರೆ ಅದರಲ್ಲಿ ಅರವತ್ತಕ್ಕೂ ಮಿಕ್ಕಿ ಇದೊಂದೇ ಸಾಲಿನಲ್ಲಿದೆ. ಉಳಿದ ನಲವತ್ತು ಪುಟ ಏನು ಅಲಂಕಾರಕ್ಕಾ?

ನಿನ್ನವಳು ಹೋದ ತಿಂಗಳು ಬರೆದಿದ್ದಳು, ಮನೆ ನೋಡುತ್ತಿದ್ದೇವೆ ಎಂದು. ಯಾವುದಾದರೂ ಹಿಡಿಸಿತಾ?

ಈಗ ಆಶೀರ್ವಾದ.
ಅತ್ತಿಗೆ


ಮಾರ್ಚ್ 11

ಪ್ರೀತಿಯ ಅತ್ತಿಗೆಗೆ,

ಹ್ಞೂಂ.

(ನಾಚಿಕೆಯಾಗಲಿಲ್ಲ, ನೋಡಿದಿರಾ?)

ನಿಮ್ಮ ಲಕೋಟೆ ಬಿಚ್ಚಿದಾಗ ಮೇಜಿನ ಮೇಲೆ ಸ್ವಲ್ಪ ಮರದ ಪುಡಿ ಉದುರಿತು. ಆಫೀಸಿನಲ್ಲಿ ಅದನ್ನು ಒರೆಸಲು ಮನಸ್ಸಾಗಲಿಲ್ಲ. ಪಕ್ಕದ ಮೇಜಿನವನು "ಏನ್ರೀ ಗೆದ್ದಲು ಹಿಡಿದಿದೆಯಾ?" ಎಂದು ಕೇಳಿದ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಂದು ಕಂಪನಿಯ ಬೆಲೆ ಎಂದರೆ ಅದು ಮುಂದೆ ವರ್ಷ ವರ್ಷ ಕೈಗೆ ಕೊಡುವ ಹಣದ ಇವತ್ತಿನ ಬೆಲೆ. ಕೈಗೆ ಕೊಡುವುದು ಎಂದರೆ ಎಲ್ಲ ಖರ್ಚು ಹೋಗಿ, ಮುಂದಿನ ಕೆಲಸಕ್ಕೆ ಬೇಕಾದದ್ದನ್ನೂ ಕೊಂಡು, ಆಮೇಲೆ ಗಲ್ಲಾದಲ್ಲಿ ಮಿಕ್ಕಿದ್ದು. ಮೊದಲ ಐದು ವರ್ಷವನ್ನು ಒಂದೊಂದಾಗಿ ಅಂದಾಜು ಮಾಡುತ್ತೇವೆ. ಐದರ ಆಚೆಗೆ ನಮಗೆ ಕಣ್ಣು ಕಾಣುವುದಿಲ್ಲ. ಹಾಗೆಂದು ಕಾರ್ಖಾನೆ ಆರನೇ ವರ್ಷ ಬಾಗಿಲು ಹಾಕುವುದಿಲ್ಲವಲ್ಲ. ಅದಕ್ಕೇ ಆರನೇ ವರ್ಷದಿಂದ ಕೊನೆಯಿಲ್ಲದ ಕಾಲದವರೆಗೆ ಬರುವುದನ್ನೆಲ್ಲ ಸೇರಿಸಿ ಒಂದೇ ಅಂಕಿ ಬರೆಯುತ್ತೇವೆ. ಅದೇ ಟರ್ಮಿನಲ್ ವ್ಯಾಲ್ಯೂ. ಕಂಡದ್ದು ಐದು ವರ್ಷ, ಕಾಣದ್ದು ಮಿಕ್ಕಿದ್ದೆಲ್ಲ. ಅದಕ್ಕೇ ಅದರ ತೂಕ ಅಷ್ಟು.

ಲೆಕ್ಕ ಸುಲಭ. ಆರನೇ ವರ್ಷ ಕೈಗೆ ಎಂಟು ಬರುತ್ತದೆ ಎನ್ನಿ. ದುಡ್ಡು ಹಾಕಿದವರು ವರ್ಷಕ್ಕೆ ನೂರಕ್ಕೆ ಹನ್ನೆರಡು ಬಯಸುತ್ತಾರೆ. ಕಂಪನಿ ಅಲ್ಲಿಂದ ಮುಂದೆ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬೆಳೆಯುತ್ತದೆ. ಹನ್ನೆರಡರಲ್ಲಿ ನಾಲ್ಕು ಕಳೆದರೆ ಎಂಟು. ನೂರಕ್ಕೆ ಎಂಟರಂತೆ ಎಂಟು ಸಿಗಬೇಕಾದರೆ ಎಷ್ಟಿರಬೇಕು? ನೂರು. ಆದರೆ ಆ ನೂರು ಕುಳಿತಿರುವುದು ಐದನೇ ಮೆಟ್ಟಿಲ ಮೇಲೆ. ಅದನ್ನು ಒಂದೊಂದೇ ಮೆಟ್ಟಿಲು ಕೆಳಗಿಳಿಸಿ ಇವತ್ತಿನ ನೆಲಕ್ಕೆ ತಂದರೆ ಐವತ್ತೇಳರ ಹತ್ತಿರ ಉಳಿಯುತ್ತದೆ. ಎಷ್ಟೋ ಜನ ಇಳಿಸುವುದನ್ನೇ ಮರೆಯುತ್ತಾರೆ.

ಮೆಟ್ಟಿಲು ಎಂದಾಗ ಅಣ್ಣ ನೆನಪಾದ. ತಯಾರಾಗಿ ಬಂದ ಪ್ರತಿ ಕಂತಿನ ಮೊದಲ ಏಣಿಯನ್ನು ಮನೆಯ ಯಜಮಾನನೇ ಹತ್ತಬೇಕು ಎಂದು ಅಪ್ಪನ ಕಾಲದಿಂದ ಬಂದದ್ದು. ಅಣ್ಣ ತುದಿಗೆ ಹೋಗಿ, ಅಷ್ಟು ದಪ್ಪ ದೇಹ ಹೊತ್ತುಕೊಂಡು ಅಲ್ಲಿಯೇ ಕುಣಿದು, "ನನ್ನ ತಡ್ಕೊಂಡ್ರೆ ಯಾರನ್ನಾದ್ರೂ ತಡ್ಕೊಳ್ತದೆ" ಎಂದು ಕೂಗುತ್ತಿದ್ದ. ಈಗ ಯಾರು ಹತ್ತುತ್ತಾರೆ?

ಎರಡು ವರ್ಷ ಒಬ್ಬರೇ ಎಲ್ಲ ಹೊತ್ತಿದ್ದೀರಿ. ದಣಿದಿರಬೇಕು. ನಿಮಗೆ ಹೇಗೆ ಅನ್ನಿಸುತ್ತದೋ ಹಾಗೇ ಆಗಲಿ.

ನಿಮ್ಮ ಮೈದುನ


ಮಾರ್ಚ್ 19

ಲೆಕ್ಕಪ್ಪ,

ಪಾಠ ಅರ್ಥವಾಯಿತು. ಇಷ್ಟು ಚೆನ್ನಾಗಿ ಹೇಳಿಕೊಡುವವನು ಮೇಷ್ಟ್ರಾಗಿದ್ದರೆ ಬೇಸಿಗೆ ರಜೆಯಾದರೂ ಸಿಗುತ್ತಿತ್ತು.

ನಿನ್ನ ಲೆಕ್ಕವನ್ನು ನಾನೂ ಮಾಡಿ ನೋಡಿದೆ. ಬೆಳವಣಿಗೆಯನ್ನು ಎರಡು ಮಾಡಿದರೆ ನೂರಿದ್ದದ್ದು ಎಂಬತ್ತಾಯಿತು. ಆರು ಮಾಡಿದೆ, ನೂರಮೂವತ್ತಮೂರು. ಆಸೆ ಹೆಚ್ಚಿತು. ಹನ್ನೊಂದು ಮಾಡಿದೆ, ಎಂಟುನೂರು! ಕಾರ್ಖಾನೆಯಲ್ಲಿ ಒಂದು ಮೊಳೆ ಕೂಡ ಅಲ್ಲಾಡಿಲ್ಲ, ನಾನು ಕುರ್ಚಿಯಿಂದ ಎದ್ದಿಲ್ಲ, ಬೆಲೆ ಎಂಟು ಪಟ್ಟು. ಹನ್ನೆರಡು ಒತ್ತಿದರೆ ಕ್ಯಾಲ್ಕುಲೇಟರ್ ಕಣ್ಣು ಬಿಟ್ಟುಕೊಂಡು ಸುಮ್ಮನಾಯಿತು. ಹದಿಮೂರಕ್ಕೆ ಮೈನಸ್ ಎಂಟುನೂರು. ಅಷ್ಟೊಂದು ಬೆಳೆದರೆ ನಾವೇ ಅವರಿಗೆ ದುಡ್ಡು ಕೊಟ್ಟು ಕಳಿಸಬೇಕಾ? ಇದೇನು ಲೆಕ್ಕವೋ ಕಣ್ಕಟ್ಟೋ ಮಾರಾಯ.

ಆಮೇಲೆ ನಾನೇ ಯೋಚಿಸಿದೆ. ಊರಿಗೂರೇ ನಾಲ್ಕರಂತೆ ಬೆಳೆಯುತ್ತಿರುವಾಗ ನಾವೊಬ್ಬರೇ ಹನ್ನೊಂದರಂತೆ ಎಂದೆಂದಿಗೂ ಬೆಳೆದರೆ ಒಂದು ದಿನ ಊರಲ್ಲಿ ಏಣಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಬಟ್ಟೆ ಇಲ್ಲ, ಬ್ರೆಡ್ಡಿಲ್ಲ, ಎಲ್ಲರೂ ಏಣಿ ಹಿಡಿದು ನಿಂತಿರುತ್ತಾರೆ. ಆಕಾಶಕ್ಕೆ ಏಣಿ ಹಾಕುವುದು ಎಂದರೆ ಇದೇ ಇರಬೇಕು. ಐವತ್ತು ವರ್ಷದಿಂದ ಏಣಿ ಮಾಡುತ್ತಿದ್ದೇವೆ, ಆ ಅಳತೆಯದನ್ನು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.

ಏಣಿ ಹತ್ತುವವರು ಯಾರು ಎಂದು ಕೇಳಿದ್ದೀ. ಮೇಸ್ತ್ರಿಯೇ. ಹತ್ತುವಾಗ ಮಂಡಿಯನ್ನು ಬೈಯುತ್ತಾನೆ, ಇಳಿಯುವಾಗ ನನ್ನನ್ನು ಬೈಯುತ್ತಾನೆ. ನನಗೆ ಮೂರನೇ ಮೆಟ್ಟಿಲಿಗೇ ಕಾಲು ನಡುಗುತ್ತದೆ ಎಂದು ನಿನಗೆ ಗೊತ್ತಲ್ಲ. ಏಣಿ ಕಾರ್ಖಾನೆಯ ಒಡತಿ ಬಲ್ಬು ಹಾಕಲು ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಹೊರಗೆ ಹೇಳಬೇಡ.

ಬೇರೆ ವಿಶೇಷ ಎಂದರೆ ಮೂರನೇ ಶೆಡ್ಡಿನಲ್ಲಿ ಬೆಕ್ಕು ಮರಿ ಹಾಕಿದೆ. ನಾಲ್ಕು. ಒಂದರ ಮೂತಿ ಥೇಟ್ ಮೇಸ್ತ್ರಿಯದೇ.

ಅತ್ತಿಗೆ


ಮಾರ್ಚ್ 28

ಪ್ರೀತಿಯ ಅತ್ತಿಗೆಗೆ,

ಮೂರು ಭಾನುವಾರ ಕುಳಿತು ನಮ್ಮ ಕಾರ್ಖಾನೆಯ ಲೆಕ್ಕ ಮುಗಿಸಿದೆ. ಕೈ ತಟ್ಟಬೇಕು ಅತ್ತಿಗೆ ನಿಮಗೆ. ಅಣ್ಣ ಇದ್ದಾಗ ವರ್ಷಕ್ಕೆ ಐದು ಉಳಿಯುತ್ತಿತ್ತು ಎಂದರೆ ಹೋದ ಎರಡು ವರ್ಷ ಎಂಟು ಉಳಿದಿದೆ! ಏಣಿಗಳ ಸಂಖ್ಯೆ ಅಷ್ಟೇ, ಬೆಲೆ ಅಷ್ಟೇ, ಆದರೂ ಖರ್ಚು ಇಳಿದಿದೆ. ಅಣ್ಣ ಕೈ ಬಿಚ್ಚಿ ಖರ್ಚು ಮಾಡುತ್ತಿದ್ದವನೇ ತಾನೆ. ನೀವು ಬಿಗಿ ಹಿಡಿದಿದ್ದೀರಿ.

ಕೊಳ್ಳುವವರು ಬೆಳವಣಿಗೆಯನ್ನು ಎರಡು ಹಿಡಿದಿದ್ದಾರೆ. ಜಿಪುಣರು. ಕರೆಂಟಿನ ಕಂಬಗಳು ಕಡಿಮೆಯಾಗುತ್ತಿಲ್ಲ. ಮೂರು ಎನ್ನುವುದು ನ್ಯಾಯ. ನಾನು ಆ ಎಂಟನ್ನೇ ತಳಹದಿ ಮಾಡಿಕೊಂಡು ಮೂರರಂತೆ ಮುಂದಕ್ಕೆ ಎಳೆದಿದ್ದೇನೆ. ಅವರು ಹೇಳಿದ್ದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚು ಬರುತ್ತದೆ. ಕೇಳುವ ರೀತಿಯನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಹಾಗೇ ನಕಲು ಮಾಡಿ ಕಳಿಸಿ.

ದಣಿವಿನ ವಿಷಯ ನಾನು ಕೇಳಿದ್ದಕ್ಕೆ ನೀವು ಏನೂ ಹೇಳಲಿಲ್ಲ. ಮೌನವೇ ಸಮ್ಮತಿ ಎಂದುಕೊಳ್ಳುತ್ತೇನೆ. ಮಾರೋಣ. ನಿಮಗೂ ಸ್ವಲ್ಪ ಕೂತು ಉಸಿರಾಡುವ ಕಾಲ ಬರಲಿ.

ನಿಮ್ಮ ಮೈದುನ


ಏಪ್ರಿಲ್ 4

ಚಿರಂಜೀವಿಗೆ,

ನೀನು ಹೇಳಿದಂತೆಯೇ ಬರೆದು ಕಳಿಸಿದ್ದೇನೆ. ಹೆಚ್ಚಿನ ಬೆಲೆಯನ್ನೇ ಕೇಳಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ.

ಅತ್ತಿಗೆ


ಏಪ್ರಿಲ್ 11

ಪ್ರೀತಿಯ ಅತ್ತಿಗೆಗೆ,

'ಚಿರಂಜೀವಿಗೆ' ಎಂದು ನೀವು ಬರೆದದ್ದು ನನಗೆ ತಿಳಿದ ಮಟ್ಟಿಗೆ ಇದೇ ಮೊದಲು. ನನ್ನ ಮದುವೆಯಲ್ಲಿ ಊಟದ ಲೆಕ್ಕ ತಪ್ಪಿಸಿ ಐವತ್ತು ಜನ ಹಸಿದುಕೊಂಡು ಕುಳಿತ ದಿನವೂ ನೀವು ಲೆಕ್ಕಪ್ಪ ಎಂದೇ ಕರೆದಿರಿ. ಆ ಹೆಸರು ಬಂದದ್ದೇ ಅವತ್ತು. ಏನಾಯಿತು? ಬೆಲೆ ಜಾಸ್ತಿ ಕೇಳಿದ್ದು ಸರಿ ಹೋಗಲಿಲ್ಲವೆ? ನಿಮ್ಮ ಪತ್ರವನ್ನು ನನ್ನವಳಿಗೆ ಓದಿ ಹೇಳಿದೆ. "ಅಕ್ಕ ಮುನಿಸ್ಕೊಂಡಿದಾರೆ, ನೀವು ಏನೋ ಮಾಡಿದೀರಿ" ಅಂದಳು. ಏನು ಎಂದರೆ "ಅದನ್ನೂ ನಾನೇ ಹೇಳ್ಬೇಕಾ?" ಎಂದು ಎದ್ದು ಹೋದಳು.

ಮೇಸ್ತ್ರಿಯ ಮೂತಿಯ ಬೆಕ್ಕಿನ ಮರಿ ಹೇಗಿದೆ?

ನಿಮ್ಮ ಮೈದುನ


ಏಪ್ರಿಲ್ 17

ಲೆಕ್ಕಪ್ಪ,

ಮುನಿಸೂ ಇಲ್ಲ ಮಣ್ಣೂ ಇಲ್ಲ. ಕೈಯಲ್ಲಿ ಕೆಲಸವಿತ್ತು.

ಅವರು ಒಪ್ಪಿದ್ದಾರೆ. ನೀನು ಹೇಳಿದ ಬೆಲೆಗೆ, ಒಂದು ಮಾತೂ ಚೌಕಾಸಿ ಮಾಡದೆ. ಅವರ ಕಡೆಯ ಲೆಕ್ಕದ ಹುಡುಗಿ, ದೊಡ್ಡ ಕನ್ನಡಕದವಳು, ತಾನೇ ಬಂದು ಹೇಳಿ ಹೋದಳು. ಮೇ ಹದಿನೈದಕ್ಕೆ ಸಹಿ. ಹಿಂದಿನ ದಿನವೇ ನೀನು ಬಂದುಬಿಡು. ಮನೆಗೆ ಮುಂಗಡ ಕೊಡುವುದಿದ್ದರೆ ಧೈರ್ಯವಾಗಿ ಕೊಡು. ಕಿಟಕಿ ದೊಡ್ಡದಿರುವ ಮನೆ ನೋಡಿ. ನಿನ್ನವಳಿಗೆ ಕತ್ತಲು ಆಗುವುದಿಲ್ಲ.

ಬೆಕ್ಕಿನ ಮರಿಗಳು ಕಣ್ಣು ಬಿಟ್ಟಿವೆ. ಮೂರನೇ ಶೆಡ್ಡು ಸಾಲದೆ ಈಗ ಎರಡನೆಯದಕ್ಕೂ ನುಗ್ಗಿ ಈ ಗೋಡೆಯಿಂದ ಆ ಗೋಡೆಗೆ ಓಡುತ್ತವೆ. ಓಡಲಿ ಬಿಡು, ಅಷ್ಟು ಜಾಗ ಸುಮ್ಮನೆ ಬಿದ್ದಿದೆ.

ಅತ್ತಿಗೆ


ಏಪ್ರಿಲ್ 22

ಅತ್ತಿಗೆ,

ನಿಮ್ಮ ಪತ್ರ ಇವತ್ತು ಬಂತು. ಮೊದಲ ಸಲ ಓದಿ ಖುಷಿಯಾಯಿತು. ಎರಡನೇ ಸಲ ಓದುವಾಗ ಬೆಕ್ಕಿನ ಹತ್ತಿರ ನಿಂತುಬಿಟ್ಟೆ.

ಎರಡನೇ ಶೆಡ್ಡಿನಲ್ಲಿ ಗೋಡೆಯಿಂದ ಗೋಡೆಗೆ ಓಡಲು ಜಾಗ ಎಲ್ಲಿಂದ ಬಂತು? ನಾವು ಚಿಕ್ಕವರಿದ್ದಾಗ ಅಲ್ಲಿ ಕೈ ತೂರಿಸಲೂ ಆಗುತ್ತಿರಲಿಲ್ಲ. ಹಸಿ ಹಲಗೆಯನ್ನು ಮೂರನೆಯದರಲ್ಲಿ ಜೋಡಿಸುವುದು, ಗಾಳಿಯಾಡಲು ನಡುನಡುವೆ ರೀಪು ಕೊಡುವುದು, ವರ್ಷವಾದ ಮೇಲೆ ಎರಡನೆಯದಕ್ಕೆ, ಇನ್ನೊಂದು ವರ್ಷಕ್ಕೆ ಒಂದನೆಯದಕ್ಕೆ, ಅಲ್ಲಿಂದ ಗರಗಸಕ್ಕೆ. ಎರಡು ವರ್ಷ ಒಣಗದ ಮರದಲ್ಲಿ ಏಣಿ ಮಾಡಿದರೆ ಮೆಟ್ಟಿಲು ಸಡಿಲವಾಗಿ ಆಳು ಕೆಳಗೆ ಬರುತ್ತಾನೆ ಎಂದು ಅಪ್ಪ ನಮ್ಮಿಬ್ಬರ ತಲೆಗೂ ತುಂಬಿದ್ದರು. ಇದನ್ನು ಕೇಳಿಕೊಂಡು ಬೆಳೆದವನು ನಾನು. ಆದರೂ ಲೆಕ್ಕಪತ್ರ ನೋಡುವಾಗ ಮರದ ಖರೀದಿಯ ಸಾಲಿನಲ್ಲಿ ಎರಡು ವರ್ಷ ಬರೀ ಅಡ್ಡಗೆರೆ ಇದ್ದದ್ದನ್ನು ಕಂಡು, ಉಳಿತಾಯ ಎಂದುಕೊಂಡು ದಾಟಿಬಿಟ್ಟೆ.

ಅತ್ತಿಗೆ, ಅಣ್ಣ ಕೈ ಬಿಚ್ಚಿ ಖರ್ಚು ಮಾಡಿದ್ದಲ್ಲ. ಅವನು ಮರ ಕೊಳ್ಳುತ್ತಿದ್ದ. ನೀವು ಬಿಗಿ ಹಿಡಿದದ್ದೂ ಅಲ್ಲ. ಆ ಎಂಟರಲ್ಲಿ ಮೂರು, ಕೊಳ್ಳದೇ ಉಳಿದ ಮರ. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರಲ್ಲ, ನಾನು ಕುಡಿಕೆ ಖಾಲಿಯಾಗುತ್ತಿದ್ದದ್ದನ್ನೇ ಸಂಪಾದನೆ ಎಂದು ತಿಳಿದು, ಅದು ಎಂದೆಂದಿಗೂ ಹೀಗೇ ಬರುತ್ತದೆ ಎಂದು ಬರೆದೆ. ಮರವಿಲ್ಲದೆ ಮೂರರಂತೆ ಬೆಳೆಯುವ ಏಣಿ ಕಾರ್ಖಾನೆ! ಹೊಸದಾಗಿ ಸೇರಿದವರು ಈ ತಪ್ಪು ಮಾಡಿದರೆ ನಾನೇ ಬೈಯುತ್ತೇನೆ. ಎಂಟರ ಜಾಗದಲ್ಲಿ ಐದು ಇಟ್ಟರೆ ಬೆಲೆಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ಶೆಡ್ಡು ಮತ್ತೆ ತುಂಬಿಸುವ ಖರ್ಚು ಬೇರೆ.

ಆ ಕನ್ನಡಕದ ಹುಡುಗಿಯೂ ಇದೇ ತಪ್ಪು ಮಾಡಿದ್ದಾಳೆ. ಅವರಿಗಿನ್ನೂ ಗೊತ್ತಾಗಿಲ್ಲ. ಈಗ ಬಾಯಿ ಮುಚ್ಚಿಕೊಂಡು ಸಹಿ ಹಾಕಿದರೆ ನಮಗೆ ಲಾಭ. ಹೇಳಿದರೆ ಬೆಲೆ ಇಳಿಯುತ್ತದೆ, ಇಲ್ಲವೇ ಮಾರಾಟವೇ ನಿಲ್ಲುತ್ತದೆ. ಅರ್ಧ ನಿಮ್ಮದು. ನೀವು ಹೇಳಿದಂತೆ ಆಗಲಿ.

ಆದರೆ ಒಂದು ಕೇಳುತ್ತೇನೆ. ನೀವು ಮರ ಯಾಕೆ ಕೊಳ್ಳಲಿಲ್ಲ?

ನಿಮ್ಮ ಮೈದುನ


ಏಪ್ರಿಲ್ 27

ಲೆಕ್ಕಪ್ಪ,

ನಿನ್ನ ಪತ್ರ ಓದಿದವಳೇ ಆ ಹುಡುಗಿಗೆ ಫೋನ್ ಮಾಡಿದೆ. ನಿನ್ನನ್ನು ಕೇಳಿ ಮಾಡಬೇಕಿತ್ತೇನೋ. ಆದರೆ ಏಣಿಯ ಮೆಟ್ಟಿಲು ಸಡಿಲವಿದೆ ಎಂದು ಗೊತ್ತಿದ್ದೂ ಹತ್ತುವವನಿಗೆ ಹೇಳದಿದ್ದರೆ ನಿಮ್ಮಪ್ಪ ಗೋಡೆಯ ಮೇಲಿನ ಫೋಟೋದಿಂದ ಇಳಿದು ಬರುತ್ತಿದ್ದರು. ಅವಳು "ಅಯ್ಯೋ ಆಂಟಿ, ನಾನು ಶೆಡ್ಡಿನೊಳಗೆ ಹೋಗಿದ್ದೆ, ಬೆಕ್ಕಿನ ಮರಿ ಎತ್ಕೊಂಡು ಫೋಟೋ ಬೇರೆ ತೆಗೆಸ್ಕೊಂಡೆ" ಅಂದಳು. ಇಬ್ಬರೂ ನಕ್ಕೆವು. ಹೊಸ ಬೆಲೆ ಹೇಳುತ್ತಾರಂತೆ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಮೂರು ಹಾಳೆ ಹರಿದೆ. ಇದು ನಾಲ್ಕನೆಯದು, ಹರಿಯುವುದಿಲ್ಲ.

ಮರ ಕೊಳ್ಳುವುದು ಎಂದರೆ ಎರಡು ವರ್ಷದ ಆಚೆಯನ್ನು ಯೋಚಿಸುವುದು. ನಿಮ್ಮಣ್ಣ ಹೋದ ಮೇಲೆ ನನಗೆ ಮಾರನೇ ಬೆಳಗ್ಗೆಯೇ ಕಾಣುತ್ತಿರಲಿಲ್ಲ. ಟಿಂಬರ್ ಡಿಪೋದವನು ಬಂದು "ಈ ವರ್ಷ ಎಷ್ಟು ಹಾಕ್ಲಿ ಅಮ್ಮ?" ಎಂದು ಕೇಳಿದ. ಮುಂದಿನ ವಾರ ಹೇಳ್ತೀನಿ ಎಂದೆ. ಆ ಮುಂದಿನ ವಾರ ಬರಲೇ ಇಲ್ಲ. ಇರುವ ಮರದಲ್ಲಿ ಇವತ್ತಿನ ಏಣಿ ಆಯಿತಲ್ಲ, ಇವತ್ತು ಕಳೆಯಿತಲ್ಲ, ಅಷ್ಟೇ ಸಾಕಾಗಿತ್ತು.

ಇನ್ನೊಂದೂ ಇದೆ. ಪ್ರತಿ ರಾಶಿಯ ಮೇಲೂ ಅವರು ಸೀಮೆಸುಣ್ಣದಲ್ಲಿ ಇಟ್ಟ ತಿಂಗಳು, ತೆಗೆಯುವ ತಿಂಗಳು ಬರೆದು, ಕೆಳಗೆ 'ಮುಟ್ಟಿದರೆ ಜೋಕೆ' ಎಂದು ಬರೆಯುತ್ತಿದ್ದರು. ಮೇಸ್ತ್ರಿ ಆತುರಪಟ್ಟು ಮೊದಲೇ ಎಳೆದುಬಿಡುತ್ತಾನೆ ಎಂದು. ಆ ಅಕ್ಷರ ಇರುವ ರಾಶಿಗಳು ಒಂದೊಂದಾಗಿ ಕರಗುತ್ತಿದ್ದವು. ಅವುಗಳ ಪಕ್ಕದಲ್ಲಿ ಬೇರೆ ಅಕ್ಷರದ ರಾಶಿ ತಂದಿಡಲು ನನಗೆ ಮನಸ್ಸು ಬರಲಿಲ್ಲ. ಈಗ ಒಂದನೇ ಶೆಡ್ಡಿನಲ್ಲಿ ಮೂರು ರಾಶಿ ಉಳಿದಿವೆ. ಅವು ಮುಗಿದರೆ ಅವರು ಪೂರ್ತಿ ಹೋದಂತೆ ಎಂದು ಹೆದರುತ್ತೇನೆ. ಮುಗಿಸುತ್ತಿರುವವಳೂ ನಾನೇ. ಬುದ್ಧಿಯಿರುವವರ ಮಾತಲ್ಲ ಇದು, ನನಗೆ ಗೊತ್ತು.

ನೀನು 'ಮಾರೋಣ' ಎಂದು ಬರೆದ ದಿನ ಬಾಗಿಲು ಹಾಕಿಕೊಂಡು ಅತ್ತೆ. ನಿನ್ನ ಮೇಲೆ ಸಿಟ್ಟಲ್ಲ. ನಿಮಗೆ ಮನೆ ಬೇಕು, ಹಣ ಬೇಕು, ನಾನು ಅಡ್ಡ ನಿಲ್ಲಬಾರದು ಎಂದುಕೊಂಡೆ. ಅದಕ್ಕೇ ಚಿರಂಜೀವಿ ಗಿರಂಜೀವಿ ಎಲ್ಲ ಬಂತು.

ನನಗೆ ಮಾರುವ ಮನಸ್ಸಿಲ್ಲ. ಹೇಳಿಬಿಟ್ಟೆ. ಆದರೆ ನಿನಗೆ ಬೇಕಿದ್ದರೆ ಮಾರೋಣ, ಆಣೆ ಮಾಡಿ ಹೇಳುತ್ತೇನೆ, ಬೇಸರವಿಲ್ಲ.

ಅತ್ತಿಗೆ


ಮೇ 3

ಪ್ರೀತಿಯ ಅತ್ತಿಗೆಗೆ,

ನಾವು ನೋಡುತ್ತಿದ್ದದ್ದು ಬಾಡಿಗೆ ಮನೆ! ಈಗಿನ ಮನೆಯ ಯಜಮಾನರು ತಮ್ಮ ಮಗನಿಗೆ ಬೇಕು ಎಂದರು, ಅದಕ್ಕೆ. ಕೊಳ್ಳುವ ಮಾತನ್ನು ನಾವು ಕನಸಿನಲ್ಲೂ ಆಡಿಲ್ಲ. ಮೊನ್ನೆ ಒಂದು ಸಿಕ್ಕಿತು, ಕಿಟಕಿ ದೊಡ್ಡದೇ ಇದೆ.

ನನಗೂ ಮಾರುವ ಮನಸ್ಸಿರಲಿಲ್ಲ. ನೀವು ದಣಿದಿದ್ದೀರಿ, ಕೇಳಲು ಸಂಕೋಚಪಡುತ್ತಿದ್ದೀರಿ ಎಂದುಕೊಂಡು ನಾನೇ ಮುಂದಾಗಿ 'ಮಾರೋಣ' ಎಂದೆ. ಆ ಒಂದು ಪದ ಬರೆಯುವುದಕ್ಕೆ ಅವತ್ತು ಎಷ್ಟು ಹೊತ್ತು ಕುಳಿತೆ ಎಂದು ನನ್ನವಳನ್ನು ಕೇಳಿ. ನೀವು ನನಗಾಗಿ, ನಾನು ನಿಮಗಾಗಿ, ಇಬ್ಬರೂ ಸೇರಿ ಯಾರಿಗೂ ಬೇಡದ ಮಾರಾಟವನ್ನು ಸಹಿಯ ತನಕ ತಳ್ಳಿಕೊಂಡು ಹೋಗಿದ್ದೆವು. ಇದಕ್ಕಿಂತ ಫೋನಿನ ಹ್ಞೂಂ ವಾಸಿಯಿತ್ತು.

ಅತ್ತಿಗೆ, ನನ್ನ ಕೆಲಸದಲ್ಲಿ ಒಂದು ನಿಯಮವಿದೆ. ಅನಂತಕ್ಕೆ ಎಳೆಯುವ ವರ್ಷವನ್ನು ಬಹಳ ನೋಡಿ ಆರಿಸಬೇಕು. ಬೆಂಕಿ ಬಿದ್ದ ವರ್ಷ, ಮುಷ್ಕರದ ವರ್ಷ, ಏನೋ ಅದೃಷ್ಟ ಕುದುರಿದ ವರ್ಷ ಯಾವುದೂ ಆಗದು. ಅಂಥ ವರ್ಷವನ್ನು ಸರಿಪಡಿಸಿ, ಸಾಮಾನ್ಯ ದಿನಗಳಲ್ಲಿ ಹೇಗಿರುತ್ತದೋ ಹಾಗೆ ಮಾಡಿಕೊಂಡು, ಅಲ್ಲಿಂದ ಮುಂದಕ್ಕೆ ಗೆರೆ ಎಳೆಯಬೇಕು. ನಾನು ಎಳೆದದ್ದು ನಿಮ್ಮ ದುಃಖದ ಎರಡು ವರ್ಷವನ್ನು. ಅದು ಹೀಗೆಯೇ ಇರುತ್ತದೆ, ಎಂದೆಂದಿಗೂ, ನೂರಕ್ಕೆ ಮೂರರಂತೆ ಬೆಳೆಯುತ್ತ, ಎಂದು ಬರೆದು ನಿಮಗೇ ಕಳಿಸಿದೆ. ನೀವೂ ಅದನ್ನು ನಂಬಿದಿರಿ ಅನ್ನಿಸುತ್ತದೆ. ಆ ಗೆರೆಯನ್ನು ಇಬ್ಬರೂ ಅಳಿಸೋಣ. ದುಃಖದ ವರ್ಷ ನಿಜ, ಆದರೆ ಅದರ ಮೇಲೆ ಮುಂದಿನದನ್ನೆಲ್ಲ ಕಟ್ಟಬಾರದು.

ಇನ್ನು ಕೆಲಸದ ಮಾತು. ಎರಡು ವರ್ಷ ನನ್ನ ಪಾಲಿನ ಲಾಭ ಕಳಿಸಬೇಡಿ. ಅದರಲ್ಲಿ ಮರ ತರಿಸಿ. ನಡುವಿನ ಕಾಲಕ್ಕೆ ಡಿಪೋದಲ್ಲಿ ಒಣಗಿದ ಹಲಗೆ ಸಿಗುತ್ತದೆ. ಬೆಲೆ ಜಾಸ್ತಿ, ಕೈಗೆ ಐದೂ ಉಳಿಯುವುದಿಲ್ಲ, ಒಂದೆರಡು ವರ್ಷ ಕಷ್ಟವೇ. ಲೆಕ್ಕ ಹಾಕಿ ನೋಡಿದ್ದೇನೆ, ಮುಳುಗುವುದಿಲ್ಲ. ಈ ಸಲ ಮೂರು ಬಾರಿ ನೋಡಿದ್ದೇನೆ.

ನಿಮ್ಮ ಲೆಕ್ಕಪ್ಪ

ಅಕ್ಕಾ, ನಾನು ಕೆಳಗೆ ಸ್ವಲ್ಪ ಜಾಗ ಕಿತ್ತುಕೊಂಡಿದ್ದೇನೆ. 'ಮನೆ ನೋಡುತ್ತಿದ್ದೇವೆ' ಎಂದು ಬರೆದು ಇಷ್ಟೆಲ್ಲ ರಾದ್ಧಾಂತ ಮಾಡಿದವಳು ನಾನೇ. ಮುಂದೆ 'ಬಾಡಿಗೆ' ಎಂಬುದನ್ನು ದಪ್ಪಕ್ಷರದಲ್ಲಿ ಬರೆಯುತ್ತೇನೆ. ಮೇಸ್ತ್ರಿಯಂತೆ ಮೂತಿ ಸಪ್ಪಗಿರುವ ಮರಿಯನ್ನು ಯಾರಿಗೂ ಕೊಡಬೇಡಿ, ನನಗೆ ಬೇಕು.


ಜೂನ್ 14

ಪ್ರೀತಿಯ ಲೆಕ್ಕಪ್ಪನಿಗೂ ಅವನ ಲೆಕ್ಕ ಇಡುವವಳಿಗೂ,

ಅವರು ಹೊಸ ಬೆಲೆ ಹೇಳಿದರು, ಮೂರರಲ್ಲೊಂದು ಪಾಲು ಕಡಿಮೆ. ಬೇಡ ಎಂದೆ. ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ನಿಮ್ಮ ಹೆಸರಿನಲ್ಲೇ ಏಣಿ ಮಾಡಿಕೊಡುತ್ತೀರಾ, ನಾವು ಮಾರುತ್ತೇವೆ ಎಂದು ಈಗ ಕೇಳಿದ್ದಾರೆ. ಇನ್ನೂ ಹೂಂ ಎಂದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ.

ಮೊನ್ನೆ ಮರ ಬಂತು. ಎರಡು ಲಾರಿ. ಹಸಿ ಮರದ ವಾಸನೆ ಅಂಗಳದ ತುಂಬ ತುಂಬಿಕೊಂಡಾಗ ಹೊಟ್ಟೆ ಹಸಿಯಿತು. ಎಷ್ಟೋ ದಿನದ ಮೇಲೆ ಎರಡು ಸಲ ಬಡಿಸಿಕೊಂಡು ಉಂಡೆ. ಬೆಕ್ಕಿನ ಸಂಸಾರವನ್ನು ನನ್ನ ಆಫೀಸಿನ ಕಪಾಟಿನ ಕೆಳಗೆ ಸಾಗಿಸಿದ್ದೇವೆ. ತಾಯಿ ಬೆಕ್ಕು ನನ್ನನ್ನು ನೋಡುವ ರೀತಿ ನೋಡಿದರೆ ಬಾಡಿಗೆ ನಾನೇ ಕೊಡಬೇಕು. ಸಪ್ಪೆ ಮೂತಿಯದನ್ನು ತೆಗೆದಿಟ್ಟಿದ್ದೇನೆ.

ಹಲಗೆ ಜೋಡಿಸಿ ಮುಗಿಯುವಾಗ ಸಂಜೆಯಾಗಿತ್ತು. ಮೇಸ್ತ್ರಿ ಸೀಮೆಸುಣ್ಣ ತಂದು "ಯಾರು ಬರೀತೀರಿ?" ಎಂದು ಕೇಳಿದ. ರಾಶಿ ಎತ್ತರ, ತೀರ ಮೇಲಿನ ಹಲಗೆಯ ಮೇಲೇ ಬರೆಯಬೇಕು. ಆ ವಾರದ ಕಂತಿನ ಮೊದಲ ಏಣಿ ಅಲ್ಲೇ ಒರಗಿತ್ತು. ಇನ್ನೂ ಯಾರೂ ಹತ್ತಿ ನೋಡಿರಲಿಲ್ಲ. ನಿಮ್ಮಣ್ಣನ ರಾಶಿಯ ಮರದ್ದು.

ನಾನು ಸೆರಗು ಸಿಕ್ಕಿಸಿಕೊಂಡೆ. ಮೇಸ್ತ್ರಿ "ಅಮ್ಮಾ, ಬೇಡಿ" ಅಂದ. ಮೂರನೇ ಮೆಟ್ಟಿಲಿಗೆ ಕಾಲು ನಡುಗಿತು. ಐದಕ್ಕೆ ಕಣ್ಣು ಮುಚ್ಚಿಕೊಂಡೆ. ಮುಂದಿನದನ್ನು ಎಣಿಸಲಿಲ್ಲ, ಹತ್ತಿದೆ. ಏಣಿ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಎಷ್ಟು ಹದವಾಗಿ ಒಣಗಿಸಿದ್ದರಪ್ಪ ನಿಮ್ಮಣ್ಣ ಆ ಮರವನ್ನು! ತಮಗಾಗಿ ಒಣಗಿಸಿದ್ದಲ್ಲ, ತಾವು ನೋಡುವ ವರ್ಷಕ್ಕೂ ಅಲ್ಲ. ಈಗ ಅದರ ಮೇಲೆ ನಿಂತಿರುವವಳು ನಾನು. ಅವರ ರಾಶಿ ಮುಗಿದರೆ ಅವರೂ ಮುಗಿದಂತೆ ಎಂದು ಬರೆದಿದ್ದೆನಲ್ಲ, ಅದು ತಪ್ಪು ಲೆಕ್ಕ, ಹೊಡೆದುಹಾಕು.

ಕುಣಿಯಲಿಲ್ಲ, ಅದನ್ನು ನಿನಗೆ ಬಿಟ್ಟಿದ್ದೇನೆ. ಮೇಲಿನ ಹಲಗೆಯ ಮೇಲೆ ನನ್ನ ಸೊಟ್ಟ ಅಕ್ಷರದಲ್ಲಿ ಬರೆದೆ: ಇಟ್ಟದ್ದು ಈ ಜೂನ್. ತೆಗೆಯುವುದು ಬರುವ ಜೂನ್ ಅಲ್ಲ, ಅದರ ಆಚೆಯ ಜೂನ್.

ಆಮೇಲೆ ಮೇಲಿಂದಲೇ ಮೇಸ್ತ್ರಿಯ ಕಡೆ ಒಮ್ಮೆ ನೋಡಿ, ಕೆಳಗೆ ಇನ್ನೊಂದು ಸಾಲು ಬರೆದೆ: ಮುಟ್ಟಿದರೆ ಜೋಕೆ.

ಅತ್ತಿಗೆ